ನೀರಿನ ಅನುಕೂಲವಿರುವ ಮಾಯಾಲೋಕ ಬೇಕಾಗಿದೆ

ಒಂಟಿಯಾಗಿರುವವನಿಗೆ ಮಾತನಾಡಲು ಸಮಯ ಬೇಕಾದಷ್ಟಿರುತ್ತದೆ, ಮಾತೇ ಇರುವುದಿಲ್ಲ. ನಾಲ್ಕು ಜನ ಇರುವ ಮನೆಯಲ್ಲಿ ಬೆಳಗಿನಿಂದ ಸಂಜೆಯೊಳಗೆ ಏನಾದರೂ ಒಂದು ನಡೆದೇ ನಡೆಯುತ್ತದೆ. ಒಬ್ಬರು ಹಾಲು ಉಕ್ಕಿಸುತ್ತಾರೆ, ಇನ್ನೊಬ್ಬರು ಬೈಯುತ್ತಾರೆ, ಮತ್ತೊಬ್ಬರು ಅದನ್ನು ಊರಿಗೆಲ್ಲ ಫೋನು ಮಾಡಿ ಹೇಳುತ್ತಾರೆ. ಒಬ್ಬನೇ ಇರುವ ಮನೆಯಲ್ಲಿ ಹಾಲು ಉಕ್ಕಿದರೆ ಬಟ್ಟೆ ತಂದು ಒರೆಸಬೇಕು, ಅಷ್ಟೆ. ಅದನ್ನು ಸುದ್ದಿಯೆಂದು ಯಾರಿಗೆ ಹೇಳುವುದು? ಹೇಳಿದರೂ ಉಕ್ಕಿಸಿದವನು, ಬೈದವನು, ಒರೆಸಿದವನು ಎಲ್ಲ ನಾನೇ ಆಗಿ, ಕಥೆಗೆ ಸ್ವಾರಸ್ಯವೇ ಇರುವುದಿಲ್ಲ.

ಕಡಲಾಚೆಯ ರಿಂಗಾಸ್ಕಿಡಿ ಎಂಬ ಬಂದರು ಊರಿನ ಒಂದು ಔಷಧಿ ಕಾರ್ಖಾನೆಯಲ್ಲಿ ನಾನು ಕೆಲಸಕ್ಕೆ ಸೇರಿದ್ದು ಕೊರೊನಾ ಬರುವುದಕ್ಕೆ ತುಸು ಮೊದಲು. ನನ್ನ ಹೆಂಡತಿ ಸುಮಾ ಮೈಸೂರಿನಲ್ಲಿ ಹೈಸ್ಕೂಲ್ ಮೇಡಂ. ಶಾಲೆಯ ಮಕ್ಕಳ ಪರೀಕ್ಷೆ ಮುಗಿಸಿಕೊಂಡು ಬೇಸಿಗೆಗೆ ಬರುತ್ತೇನೆ ಎಂದಿದ್ದಳು. ಅಷ್ಟರಲ್ಲಿ ವೀಸಾ ಕಚೇರಿ ಮುಚ್ಚಿತು, ವಿಮಾನ ನಿಂತಿತು, ನನ್ನ ಆಫೀಸು ಅಡುಗೆಮನೆಯ ಮೇಜಿನ ಮೇಲೆ ಬಂದು ಕೂತಿತು. ಹೊರಗೆ ತಿರುಗಾಡಲು ಮನೆಯಿಂದ ಇಷ್ಟೇ ದೂರ ಎಂದು ಸರ್ಕಾರ ಒಂದು ಗೆರೆ ಹಾಕಿತ್ತು. ಆ ಗೆರೆಯೊಳಗೆ ನನಗೆ ಪರಿಚಯವಿದ್ದದ್ದು ಒಂದು ನಾಯಿ ಮಾತ್ರ. ಅದರ ಯಜಮಾನರು ರಸ್ತೆಯ ಆಚೆ ಬದಿಯಿಂದಲೇ "ಗ್ರ್ಯಾಂಡ್ ಡೇ" ಎಂದು ಕೈಯೆತ್ತಿ ಹೋಗಿಬಿಡುತ್ತಿದ್ದರು. ನಾನು ಮನೆಗೆ ಬಂದು, ದಿನ ಚೆನ್ನಾಗಿದೆ ಎನ್ನುವ ಆ ಎರಡು ಪದಗಳನ್ನೇ ಮೆಲುಕು ಹಾಕುತ್ತಾ ಅನ್ನಕ್ಕಿಡುತ್ತಿದ್ದೆ.

ಸುಮಾಳಿಗೆ ದಿನವೂ ಫೋನು ಮಾಡುತ್ತಿದ್ದೆ. ಮೊದಮೊದಲು ಗಂಟೆಗಟ್ಟಲೆ ಮಾತು. ಆಮೇಲೆ ಅದು ಸವೆಯುತ್ತಾ ಬಂತು. "ಊಟ ಆಯ್ತಾ?" "ಆಯ್ತು. ನಿಂದು?" "ಆಯ್ತು. ಏನ್ ಮಾಡಿದ್ರಿ?" "ಚಿತ್ರಾನ್ನ." "ಮತ್ತೆ?" "ಮತ್ತೆ ಏನಿಲ್ಲ." ಈ "ಮತ್ತೆ ಏನಿಲ್ಲ" ಬಂದಮೇಲೆ ಇಬ್ಬರೂ ಪರದೆಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಸುವವರ ಹಾಗೆ ಕೂತಿರುತ್ತಿದ್ದೆವು. ನನಗೆ ಹೆದರಿಕೆಯಾಗತೊಡಗಿತು. ಕೊರೊನಾದ ಹೆದರಿಕೆಯಲ್ಲ. ಒಂದು ದಿನ ಇವಳು ಊಟದ ವಿಚಾರವನ್ನು ಮೆಸೇಜಿನಲ್ಲೇ ಕೇಳಿ ಮುಗಿಸಿಬಿಟ್ಟರೆ ನನಗೆ ಆ ದಿನದಲ್ಲಿ ಏನೂ ಉಳಿಯುವುದಿಲ್ಲ ಎಂಬ ಹೆದರಿಕೆ.

ಇಂಥ ಹೊತ್ತಿನಲ್ಲಿ ಇಮ್ರಾನ್ ಫೋನು ಮಾಡಿದ. ಹುಬ್ಬಳ್ಳಿಯ ಹುಡುಗ, ನಮ್ಮ ಕಾರ್ಖಾನೆಯ ಕಂಪ್ಯೂಟರ್ ವಿಭಾಗದವನು. ಅವನು, ನಮ್ಮ ತಂಡದ ಮುಖ್ಯಸ್ಥೆ ನೋರೀನ್, ಲ್ಯಾಬಿನ ಡೆಕ್ಲನ್ ಸೇರಿ ಶನಿವಾರ ಮಧ್ಯಾಹ್ನ ಒಂದು ಆಟ ಆಡುತ್ತಾರಂತೆ. ಮೇಜಿನ ಸುತ್ತ ಕೂತು ಆಡುವ ಆಟ. ಈಗ ಮೇಜು ಹೋಗಿ ವಿಡಿಯೋ ಬಂದಿದೆ. ಒಬ್ಬರು ಒಂದು ಮಾಯಾಲೋಕವನ್ನು ಬಾಯಲ್ಲೇ ಬಣ್ಣಿಸಬೇಕು, ಉಳಿದವರು ಅದರೊಳಗೆ ವೀರರಾಗಿ ತಿರುಗಾಡಬೇಕು. ಕತ್ತಿ ಬೀಸಿದರೆ ತಗುಲಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಬಣ್ಣಿಸುತ್ತಿದ್ದವನು ತಂದೆತಾಯಿಯ ಊರಿಗೆ ಹೋಗಿಬಿಟ್ಟಿದ್ದ, ಅಲ್ಲಿ ಇಂಟರ್‌ನೆಟ್ ಇರಲಿಲ್ಲ. "ಸರ, ನೀವ ಬರ್ರಿ," ಎಂದ ಇಮ್ರಾನ್. "ನನಗೆ ಆ ಆಟದ ಗಂಧವೇ ಗೊತ್ತಿಲ್ಲವಲ್ಲಯ್ಯ," ಎಂದೆ. "ಗೊತ್ತಿರೋರೆಲ್ಲ ವೀರರಾಗಾಕ ನಿಂತಾರ್ರಿ. ಕುಂತು ಓದಿ ಬರಿಯೋ ತಾಳ್ಮಿ ಇರೋರು ನೀವೊಬ್ಬರ. ಸಿದ್ಧ ಮಾಡಿದ ಲೋಕ ಬೇಕಾದಷ್ಟು ಅದಾವು, ಒಂದು ಆರಿಸ್ರಿ ಸಾಕು." ಹೀಗೆ ಹೇಳಿ ಆರೇಳು ಪುಸ್ತಕಗಳನ್ನು ಕಂಪ್ಯೂಟರಿಗೆ ಕಳಿಸಿದ. ಒಂದೊಂದೂ ನೂರಾರು ಪುಟ. ಯಾವ ರಾಜ ಯಾರ ದಾಯಾದಿ, ಯಾವ ಸಂತೆಯಲ್ಲಿ ಮೀನು ಸಿಗುತ್ತದೆ, ಯಾವ ದೇವರಿಗೆ ಯಾವ ದೇವರನ್ನು ಕಂಡರಾಗದು, ಎಲ್ಲ ಇತ್ತು. ನಮ್ಮ ಬಡಾವಣೆಯ ಬಗ್ಗೆ ಯಾರೂ ಇಷ್ಟು ಕಾಳಜಿಯಿಂದ ಬರೆದಿಲ್ಲ.

ಅಂದು ಫೋನಿನಲ್ಲಿ "ಮತ್ತೆ?" ಬಂದಾಗ ನಾನು, "ಒಂದು ಲೋಕ ಆರಿಸಬೇಕಂತೆ ಕಣೆ," ಎಂದೆ. ಆಟದ ವಿಷಯ ವಿವರಿಸಿದೆ. ಎರಡು ಸೂರ್ಯರಿರುವ ಮರಳುಗಾಡಿನ ಲೋಕವನ್ನು ಓದಿ ಹೇಳಿದೆ. ಸುಮಾ ಪೂರ್ತಿ ಕೇಳಿಸಿಕೊಂಡು, "ಅಲ್ಲಿ ನೀರು ಹೇಗಂತೆ?" ಎಂದು ಕೇಳಿದಳು.

ಇಲ್ಲಿ ಸುಮಾಳ ಬಗ್ಗೆ ಒಂದು ಮಾತು ಹೇಳಬೇಕು. ಮದುವೆಯಾದ ಹೊಸತರಲ್ಲಿ ನಾವು ಬಾಡಿಗೆ ಮನೆ ಹುಡುಕಿದಾಗ ಮೈಸೂರಿನ ದಲ್ಲಾಳಿಗಳು ನಮ್ಮನ್ನು ಕಂಡರೆ ಪಕ್ಕದ ಓಣಿಗೆ ತಿರುಗುತ್ತಿದ್ದರು. ನಾನು ರೂಮುಗಳ ಅಳತೆ, ಕಿಟಕಿಯ ಗಾಳಿ ನೋಡುತ್ತಾ ನಿಂತರೆ ಅವಳು ಸೀದಾ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಕೈಯೊಡ್ಡಿ, ಒಂದು ಗುಟುಕು ಕುಡಿದು ನೋಡುತ್ತಿದ್ದಳು. ಆಮೇಲೆ ಮಾಲೀಕರನ್ನು ಬಿಟ್ಟು ಪಕ್ಕದ ಮನೆಯ ಹೆಂಗಸಿನ ಹತ್ತಿರ ಹೋಗಿ ನಿಜ ಕೇಳುತ್ತಿದ್ದಳು. ನನ್ನ ಕೆಲಸವೂ ಹೆಚ್ಚು ಕಡಿಮೆ ಅದೇ: ಕಾರ್ಖಾನೆಯಲ್ಲಿ ಎಲ್ಲಿ ಏನು ಕೆಡಬಹುದು ಎಂದು ಮೊದಲೇ ಊಹಿಸಿ, ಅದು ಕೆಡದಂತೆ ಏನು ಮಾಡಬೇಕೆಂದು ಬರೆದಿಡುವುದು. ಇಂಥ ಇಬ್ಬರ ಕೈಗೆ ಮಾಯಾಲೋಕ ಸಿಕ್ಕಿತು.

ಮರಳುಗಾಡು ನೀರಿನ ಕಾರಣಕ್ಕೆ ಬಿದ್ದುಹೋಯಿತು. ಆಕಾಶದಲ್ಲಿ ತೇಲುವ ಪಟ್ಟಣವೊಂದಿತ್ತು, ನನಗೆ ಬಹಳ ಹಿಡಿಸಿತ್ತು. "ಮಹಡಿಗೆ ಕಟಾಂಜನ, ಕಂಬಿ ಏನಾದ್ರೂ ಇದ್ಯಾ?" ಎಂದಳು. ಪುಸ್ತಕದಲ್ಲಿ ಇರಲಿಲ್ಲ. "ಹಾಗಾದ್ರೆ ಬೇಡ, ಮಕ್ಕಳು ಮರಿ ಓಡಾಡೋ ಜಾಗ." ಮಂಜಿನ ಕೋಟೆಯ ಲೋಕದಲ್ಲಿ ಡ್ರ್ಯಾಗನ್ ಒಂದು ಬೆಟ್ಟದ ಮೇಲೆ ವಾಸವಿತ್ತು. "ನೆರೆಹೊರೆ ಸರಿಯಿಲ್ಲ," ಎಂದು ತಳ್ಳಿಹಾಕಿದಳು. ಸತ್ತವರು ಎದ್ದು ಓಡಾಡುವ ರಾಜ್ಯವನ್ನು ಓದಿದಾಗ, "ಈಗಿನ ಕಾಲದಲ್ಲಿ ಅದೊಂದು ಬೇರೆ ಬೇಕಾ ನಮಗೆ?" ಎಂದಳು.

ಶನಿವಾರಗಳು ಹೋದವು. ನೋರೀನ್ ಆಫೀಸಿನ ಮೀಟಿಂಗ್ ಮುಗಿಯುವಾಗ, "ನಿಮ್ಮ ಲೋಕ ಹೇಗಿದೆ?" ಎಂದು ನಯವಾಗಿ ಕೇಳುತ್ತಿದ್ದರು. "ಪರಿಶೀಲನೆಯಲ್ಲಿದೆ," ಎನ್ನುತ್ತಿದ್ದೆ. ಗುಟ್ಟೇನೆಂದರೆ, ನನಗೆ ಆರಿಸುವ ಮನಸ್ಸೇ ಇರಲಿಲ್ಲ. ಬೆಳಗ್ಗೆ ಎದ್ದು ಇವತ್ತು ಸುಮಾಳಿಗೆ ಯಾವ ಊರಿನ ಸಂಗತಿ ಹೇಳಲಿ ಎಂದು ಪುಟ ತಿರುಗಿಸುವುದರಲ್ಲೇ ಜೀವ ಹಗುರಾಗುತ್ತಿತ್ತು. ಲೋಕ ಗೊತ್ತಾದರೆ ಮತ್ತೆ ಚಿತ್ರಾನ್ನಕ್ಕೆ ಬರಬೇಕು. ಆದರೆ ಇಮ್ರಾನ್ ಒಂದು ದಿನ, "ಸರ, ಈ ಶನಿವಾರ ಆಗ್ಲಿಲ್ಲಂದ್ರ ಇವ್ರು ಆಟಾನ ಬಿಟ್ಟುಬಿಡ್ತಾರ. ನಂಗೂ ಇಲ್ಲಿ ಮಂದಿ ಮಾರಿ ನೋಡಾಕ ಅದೊಂದ ಐತ್ರಿ," ಎಂದ. ಅವನ ದನಿ ಕೇಳಿ ನನಗೆ ಕಸಿವಿಸಿಯಾಯಿತು. ಅವತ್ತೇ ಸುಮಾಳ ಜೊತೆ ಕೂತು ಪೈಸಲ್ಲು ಮಾಡಿದೆ. ಸಣ್ಣಸಣ್ಣ ದ್ವೀಪಗಳ ಒಂದು ಲೋಕ. ಸಿಹಿನೀರಿನ ಬಾವಿ, ಹತ್ತಿರದಲ್ಲೇ ಸಂತೆ, ಮರ್ಯಾದಸ್ಥ ಜನ. ಪುಸ್ತಕದಲ್ಲಿ ಕಡಲ್ಗಳ್ಳರಿದ್ದರು, ಅವರನ್ನು ತೆಗೆದೆವು. ಜ್ವಾಲಾಮುಖಿಯನ್ನು ನಂದಿಸಿದೆವು. ದೆವ್ವದ ಕೋಟೆಗೆ ಬೀಗ ಹಾಕಿ ಕೀಲಿಯನ್ನು ಊರಿನ ಗೌಡನ ಕೈಗೆ ಕೊಟ್ಟೆವು. "ಈಗ ಯಾರು ಬೇಕಾದ್ರೂ ಧೈರ್ಯವಾಗಿ ಇರ್ಬೋದು," ಎಂದಳು ಸುಮಾ.

ಶನಿವಾರ ಮೂವರು ವೀರರೂ ದ್ವೀಪಕ್ಕೆ ಬಂದಿಳಿದರು. ನೋರೀನ್ ಕೊಡಲಿ ಹಿಡಿದ ಕುಳ್ಳ ಯೋಧೆ, ಡೆಕ್ಲನ್ ಮಾಂತ್ರಿಕ, ಇಮ್ರಾನ್ ಕಳ್ಳ. ಅಂಗಡಿಯವನನ್ನು ಕಂಡು ಊರಿಗೇನಾದರೂ ತೊಂದರೆಯಿದೆಯೇ ಎಂದರು. ನಾನು ಅಂಗಡಿಯವನಾಗಿ, ವ್ಯಾಪಾರ ಚೆನ್ನಾಗಿದೆ ಎಂದೆ. ಪೂಜಾರಿಯನ್ನು ಕೇಳಿದರು. ಮಳೆಬೆಳೆ ಚೆನ್ನಾಗಿದೆ ಎಂದೆ. ಗೌಡನ ಮನೆಗೆ ಹೋದರು. ಊಟ ಮಾಡಿಕೊಂಡೇ ಹೋಗಬೇಕೆಂದು ಹಟ ಹಿಡಿದೆ. ಕಳ್ಳನಿಗೆ ಕದಿಯಲು ಹೋದಲ್ಲೆಲ್ಲ ಕೇಳಿದ್ದನ್ನು ಜನ ಕೈಯೆತ್ತಿ ಕೊಟ್ಟುಬಿಡುತ್ತಿದ್ದರು. "ಸರ, ಈ ಊರಾಗ ಒಬ್ಬ ಜಿಪುಣನೂ ಇಲ್ಲೇನ್ರಿ?" ಎಂದು ಇಮ್ರಾನ್ ಕನ್ನಡದಲ್ಲಿ ಗೋಗರೆದ. ಡೆಕ್ಲನ್ ಆಕಳಿಸಿ, ಮುಂದಿನ ವಾರ ಇಸ್ಪೀಟು ಆಡಿದರೆ ಹೇಗೆ ಎಂದ. ನೋರೀನ್ ಮಾತ್ರ, "ಊರು ಗ್ರ್ಯಾಂಡ್ ಆಗಿದೆ, ನಿಜವಾಗಿಯೂ," ಎಂದರು. ಈ ದೇಶದಲ್ಲಿ ಆ ಪದವನ್ನು ಅಷ್ಟು ಮೆತ್ತಗೆ ಹೇಳಿದರೆ ಕೆಲಸ ಕೆಟ್ಟಿತೆಂದೇ ಅರ್ಥ. ಇವರೂ ಹೋದರೆ ನನಗೆ ಆ ನಾಯಿಯೇ ಗತಿ.

ಬೇರೇನೂ ತೋಚದೆ ನೋರೀನ್, "ದೋಣಿಕಟ್ಟೆಗೆ ಹೋಗ್ತೀನಿ. ಅಲ್ಲಿ ಯಾರಿದ್ದಾರೆ?" ಎಂದರು. ನನ್ನ ಕಿಟಕಿಯಾಚೆ ಬಂದರಿನಲ್ಲಿ ಫ್ರಾನ್ಸಿಗೆ ಹೋಗುವ ಹಡಗು ಪ್ರಯಾಣಿಕರಿಲ್ಲದೆ ನಿಂತಿತ್ತು. ಅದು ಕಣ್ಣಿಗೆ ಬಿದ್ದು, "ಒಬ್ಬ ದೋಣಿಯವನು ಕೂತಿದ್ದಾನೆ," ಎಂದೆ. "ಏನು ಮಾಡ್ತಿದ್ದಾನೆ?" "ಏನೂ ಇಲ್ಲ. ದೋಣಿ ಬಿಡಬಾರದು ಅಂತ ಹುಕುಂ ಆಗಿದೆ." "ಮನೆಗೆ ಹೋಗಬಾರದಾ?" "ಮನೆ ಆ ದಡದಲ್ಲಿದೆ. ಹೆಂಡತಿ ಅಲ್ಲಿದ್ದಾಳೆ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ದೋಣಿಯವನು ನಿಲ್ಲಿಸಲಿಲ್ಲ. ಒಬ್ಬನೇ ಉಣ್ಣುವಾಗ ತಟ್ಟೆ ಹಾಕಿಕೊಳ್ಳಲು ಬೇಜಾರು, ಪಾತ್ರೆಯಲ್ಲೇ ತಿನ್ನುತ್ತೇನೆ ಎಂದ. ದಿನಕ್ಕೊಮ್ಮೆ ಈ ದಡದಿಂದ ಕೂಗುತ್ತೇನೆ, ಊಟ ಆಯಿತಾ ಎಂದು ಕೇಳುತ್ತಾಳೆ, ಆಯಿತು ಎನ್ನುತ್ತೇನೆ, ಆಮೇಲೆ ಏನು ಕೂಗಬೇಕೋ ತಿಳಿಯುವುದಿಲ್ಲ ಎಂದ. ನನ್ನ ಕಣ್ಣು ತುಂಬಿ ಬಂದಿತ್ತು. ಕ್ಯಾಮೆರಾ ಕೆಟ್ಟಿದೆಯೆಂದು ಸುಳ್ಳು ಹೇಳಿ ಆಫ್ ಮಾಡಿದೆ.

ನೋರೀನ್, "ನನ್ನಮ್ಮ ಗೆರೆಯಾಚೆ ವಾಟರ್‌ಫರ್ಡಿನಲ್ಲಿದ್ದಾರೆ, ನೋಡಿ ಬಹಳ ದಿನವಾಯಿತು," ಎಂದರು. ಆಮೇಲೆ ಕೊಡಲಿ ಎತ್ತಿಕೊಂಡು, "ಆ ಹುಕುಂ ಹೊರಡಿಸಿದವನು ಎಲ್ಲಿದ್ದಾನೆ?" ಎಂದರು. ಡೆಕ್ಲನ್ ನೆಟ್ಟಗೆ ಕೂತ. ಇಮ್ರಾನ್, "ಹುಟ್ಟು ನಾ ಕದ್ದು ತರ್ತೀನಿ, ನೀವು ಅಂವನ್ನ ದೋಣಿ ಹತ್ತಸ್ರಿ," ಎಂದ. ಅವಸರದಲ್ಲಿ ಕನ್ನಡದಲ್ಲೇ ಹೇಳಿ, ಮತ್ತೆ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಇಡೀ ಮಧ್ಯಾಹ್ನ ಆ ಒಬ್ಬ ದೋಣಿಯವನಿಗಾಗಿ ಹೊಡೆದಾಡಿದರು. ದಾಳ ಅವರ ಕೈ ಹಿಡಿಯಲಿಲ್ಲ, ದೋಣಿ ನಡುನೀರಿನವರೆಗೂ ಹೋಗಲಿಲ್ಲ. ಆದರೂ ಇಸ್ಪೀಟಿನ ಮಾತು ಯಾರೂ ಎತ್ತಲಿಲ್ಲ.

ನಾನು ಗೆದ್ದವನ ಹಾಗೆ ಸುಮಾಳಿಗೆ ಫೋನು ಮಾಡಿ ಎಲ್ಲ ಹೇಳಿದೆ. ದೋಣಿಯವನ ಮಾತನ್ನು ಅವನ ದನಿಯಲ್ಲೇ ಆಡಿ ತೋರಿಸಿದೆ. ನೋರೀನ್ ಕೊಡಲಿ ಎತ್ತಿಕೊಂಡದ್ದನ್ನು ಎರಡು ಸಲ ಹೇಳಿದೆ. ಸುಮಾ ಅಡ್ಡ ಬಾಯಿ ಹಾಕದೆ ಕೇಳಿದಳು. ಮುಗಿದ ಮೇಲೆ, "ಆ ದಡದಲ್ಲಿ ಇರೋಳು ಏನ್ ಮಾಡ್ತಿದಾಳೆ ಅಂತ ಯಾರಾದ್ರೂ ಕೇಳಿದ್ರಾ?" ಎಂದಳು.

ಯಾರೂ ಕೇಳಿರಲಿಲ್ಲ. ಬಾವಿಯ ನೀರಿನ ರುಚಿಯವರೆಗೆ ಎಲ್ಲ ಬರೆದುಕೊಂಡಿದ್ದ ನಾನೂ ಅದನ್ನು ಯೋಚಿಸಿರಲಿಲ್ಲ.

"ಏನ್ ಮಾಡ್ತಿದಾಳೆ?" ಎಂದೆ.

"ಮಂಚ ಹಾಲ್‌ಗೆ ಹಾಕ್ಕೊಂಡಿದಾಳೆ. ರೂಮು ದೊಡ್ಡದು ಅನ್ಸತ್ತಂತೆ ಅವಳಿಗೆ," ಎಂದಳು ಸುಮಾ. "ಕೈ ತಪ್ಪಿ ಇಬ್ಬರಿಗೆ ಆಗೋಷ್ಟು ಅಕ್ಕಿ ಹಾಕ್ತಾಳೆ. ಮಿಕ್ಕಿದ್ದನ್ನ ಮೇಲಿನ ಮನೆಯವರು ಒಳಗೆ ತಗೊಳಲ್ಲ, ಕೊರೊನಾ ಅಂತ. ಬೆಳಗ್ಗೆಯಿಂದ ಕಂಪ್ಯೂಟರ್‌ನಲ್ಲಿ ಕಪ್ಪು ಚೌಕಗಳಿಗೆ ಪಾಠ ಮಾಡ್ತಾಳೆ, ಮಕ್ಕಳು ಇದಾರೋ ಎದ್ದು ಹೋದ್ರೋ ಗೊತ್ತಾಗಲ್ಲ. ಗಂಡ ಸಂಜೆ ಕೂಗ್ತಾನೆ, ಅವನಿಗೆ ಅದ್ಯಾವುದೋ ಊರಿನ ಬಾವಿ, ಸಂತೆ, ಡ್ರ್ಯಾಗನ್ನು. ಖುಷಿಯಾಗಿದಾನಲ್ಲ ಅಂತ ನೀರು ಹೇಗಿದೆ ಅಂತ ಕೇಳ್ತಾಳೆ."

ಹೇಳುತ್ತಾ ಹೋದಳು. ನಮ್ಮ ಬಚ್ಚಲಿನ ನಲ್ಲಿ ಕೆಟ್ಟು ತಿಂಗಳಾಗಿತ್ತಂತೆ, ರಿಪೇರಿಯವನು ಒಳಗೆ ಬರಲು ಒಪ್ಪದೆ ಬಕೆಟ್ಟಿನಲ್ಲಿ ಹೊತ್ತು ತರುತ್ತಿದ್ದಾಳಂತೆ. ನಾನು ಹ್ಞೂಂ ಅನ್ನುವುದನ್ನೂ ಬಿಟ್ಟು ಕೇಳುತ್ತಾ ಕೂತೆ. ಆರೇಳು ಲೋಕಗಳಲ್ಲಿ ನೀರಿನ ಅನುಕೂಲ ಹೇಗಿದೆ ಎಂದು ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದೆ. ನನ್ನ ಮನೆಯಲ್ಲಿ ಹೇಗಿದೆ ಎನ್ನುವುದೊಂದು ಗೊತ್ತಿರಲಿಲ್ಲ.