ಮಕ್ಬೂಲ್ ಚಾಚಾ ಕಂಪ್ಯೂಟರ್ ಆದದ್ದು

ವಿಡಿಯೋ ನೋಡಿ ಈಜು ಕಲಿತವನೂ ಬಾವಿಗೆ ಹಾರುವ ಮುಂಚೆ ಒಮ್ಮೆ ಯೋಚಿಸುತ್ತಾನೆ. ನಾನು ಯೋಚಿಸಲಿಲ್ಲ. ಕೇಶ್ವಾಪುರದ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಅದರಲ್ಲಿ ಅಪ್ಪನ ಕಾಲದ ಮಿಲ್ಲಿಂಗ್ ಮಷಿನ್ನು, ಅದರ ಹಿಡಿಕೆ ತಿರುಗಿಸಿ ಕಬ್ಬಿಣ ಕೊರೆಯುವ, ಅಪ್ಪನ ಕಾಲದವರೇ ಆದ ಮಕ್ಬೂಲ್ ಚಾಚಾ, ಮತ್ತು ಇವೆರಡಕ್ಕೂ ಮಾಲೀಕನೆಂದು ತಿಳಿದುಕೊಂಡ ನಾನು. ಬಂದ ಗಿರಾಕಿಗಳೆಲ್ಲ "ಸಿಎನ್‌ಸಿ ಐತೇನ್ರಿ?" ಎಂದು, ಅಂದರೆ ಕಂಪ್ಯೂಟರೇ ನಡೆಸುವ ಮಷಿನ್ನು ಇದೆಯೇ ಎಂದು ಕೇಳಿ, ಇಲ್ಲ ಅನ್ನುವಷ್ಟರಲ್ಲಿ ಗಾಡಿ ತಿರುಗಿಸುತ್ತಿದ್ದರು. ಕೊನೆಗೆ, ವಿಡಿಯೋ ನೋಡಿಕೊಂಡು ಇದೇ ಮಷಿನ್ನಿಗೆ ನಾನೇ ಕಂಪ್ಯೂಟರ್ ಜೋಡಿಸುತ್ತೇನೆಂದು ಹಟ ಹಿಡಿದೆ.

ಹೊಸದನ್ನು ಕೊಳ್ಳುವ ತಾಕತ್ತಿರಲಿಲ್ಲ. ಗುಜರಿಯಲ್ಲಿ ಮೂರು ಮೋಟಾರು ಸಿಕ್ಕವು, ಮಗಳು ಕೈಬಿಟ್ಟ ಕಂಪ್ಯೂಟರ್ ಮನೆಯಲ್ಲೇ ಇತ್ತು. ಮೋಟಾರನ್ನು ಮಷಿನ್ನಿನ ತಿರುಪಿಗೆ ಕೂಡಿಸುವ ಸಾಮಾನು ಮಾತ್ರ ದುಬಾರಿ. ಅದರ ಬದಲು ಅಡುಗೆಮನೆಯ ಗ್ಯಾಸ್ ಪೈಪನ್ನೇ ತುಂಡು ಮಾಡಿ ಬಿಗಿದೆ. ಎರಡು ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ. "ಮದ್ಲ ನನ್ನ ಪೈಪ್ ಹಚ್ರಿ, ಆಮ್ಯಾಲ ಲೋಕ ಉದ್ಧಾರ ಮಾಡೀರಂತ," ಎಂದಳು ಹೆಂಡತಿ.

ಮೊದಲ ಪರೀಕ್ಷೆಗೆ, ದುಂಡಗೆ ಕೊರೆ ಎಂದು ಕಂಪ್ಯೂಟರಿಗೆ ಹೇಳಿದೆ. ಅದು ಕೋಳಿಮೊಟ್ಟೆ ಕೊರೆಯಿತು. ಮೋಟಾರು ಬಂದ ದಿನದಿಂದ ಬಾಗಿಲ ಬಳಿ ಕುಳಿತು ಸುಮ್ಮನೆ ಚಾಳೀಸು ಒರೆಸಿಕೊಳ್ಳುತ್ತಿದ್ದ ಚಾಚಾ ಎದ್ದು ಬಂದು ನೋಡಿದರು.

"ಸಾವಕಾರ್ರ, ಈ ತಿರುಪು ಸವದು ಸಡ್ಲ ಆಗೇತಿ. ಹಿಂದಕ್ಕ ತಿರುಗಿಸುಮುಂದ ಅರ್ಧ ಸುತ್ತ ಜಾಸ್ತಿ ಕೊಡ್ಬೇಕ. ಅದು ನನ್ನ ಕೈಗೆ ಗೊತ್ತೈತಿ. ನಿಮ್ಮ ಕಂಪ್ಯೂಟರ್‌ಗ ಯಾರ ಹೇಳ್ಯಾರ?"

ಯಾರೂ ಹೇಳಿರಲಿಲ್ಲ. ಹೇಗೆ ಹೇಳಬೇಕೆಂದು ನನಗೂ ಗೊತ್ತಿರಲಿಲ್ಲ. ಆದರೂ ನಾನು ಹೊರಗೆ ಸಿಎನ್‌ಸಿ ಬೋರ್ಡು ತೂಗುಹಾಕಿದೆ.

ಬೋರ್ಡು ನೋಡಿ ಬಂದವರು ಹೆಬ್ಬಳ್ಳಿಯ ಶಾಂತಕ್ಕ. ಅವರದು ರೊಟ್ಟಿ ಮಾಡುವ ಉದ್ಯೋಗ. ರೊಟ್ಟಿ ಒತ್ತುವ ಮಷಿನ್ನಿನ ಒಂದು ಪಟ್ಟಿ ಮುರಿದು, ಎಂಟು ಮಂದಿ ಹೆಣ್ಣುಮಕ್ಕಳು ಕೈಕಟ್ಟಿ ಕುಳಿತಿದ್ದರು. "ಕಂಪ್ಯೂಟರ್‌ದಾಗ ಮಾಡಿದ್ದ ಬೇಕ್ರಿ. ಅದೂ ನನ್ನ ಕಣ್ಣ ಮುಂದ," ಎಂದು ಹೇಳಿ, ಮರುದಿನ ಬರುತ್ತೇನೆಂದು ಹೋದರು.

ನಾನು ಚಾಚಾ ಮುಂದೆ ನಿಂತು ನೆಲ ನೋಡಿದೆ. ಮೋಟಾರಿನ ಕರೆಂಟು ಬಂದ್ ಮಾಡಿ, ಪರದೆಯ ಮೇಲೆ ಚಿತ್ರ ಓಡಿಸುತ್ತೇನೆ, ಹಿಡಿಕೆ ನೀವು ತಿರುಗಿಸಿ ಎಂದೆ.

"ಅಂದ್ರ ಕಂಪ್ಯೂಟರ್ ನಾನ?"

"ಹೂಂ ಚಾಚಾ."

"ಕಂಪ್ಯೂಟರ್ ನಡುವ ಚಾ ಕುಡಿತೈತಿ ನೋಡ್ರಿ ಮತ್ತ."

ಮರುದಿನ ಶಾಂತಕ್ಕ ಸ್ಟೂಲ್ ಎಳೆದುಕೊಂಡು ಕುಳಿತರು. ಚಾಚಾ ಕೊರೆಯತೊಡಗಿದರು. ಪರದೆಯ ಮೇಲಿನ ಕೆಲಸ ನಾಲ್ಕೇ ನಿಮಿಷಕ್ಕೆ ಮುಗಿದುಬಿಟ್ಟಿತು. ಗಾಬರಿಯಿಂದ ಮತ್ತೆ ಮೊದಲಿನಿಂದ ಓಡಿಸಿದೆ. ಮತ್ತೆ ಮುಗಿಯಿತು. ಚಾಚಾ ಚಹಾ ಊದಿ ಊದಿ ಕುಡಿಯುತ್ತಿದ್ದಾಗ ನಾನು ಐದನೆಯ ಸಲ ಓಡಿಸುತ್ತಿದ್ದೆ.

"ಈ ಕಾಕಾರು ಯಾಕ್ರಿ ತಿರುವಾಕತ್ತಾರ?" ಎಂದರು ಶಾಂತಕ್ಕ.

"ಕಂಪ್ಯೂಟರ್‌ಗ ಕಲಿಸಾಕತ್ತಾರ್ರಿ," ಎಂದೆ.

ಪಟ್ಟಿ ಸಿದ್ಧವಾಯಿತು. ಶಾಂತಕ್ಕ ಮುರಿದ ಪಟ್ಟಿಯನ್ನು ಅದರ ಮೇಲಿಟ್ಟು, ತೂತಿಗೆ ತೂತು ಕೂಡಿಸಿ, ಬೆಳಕಿಗೆ ಹಿಡಿದು ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಐದ ಸಲ ಹೇಳಿಕೊಟ್ರೂ ಅದು ಕಲೀಲಿಲ್ಲ. ಕಾಕಾರು ಒಂದ ಸಲಕ್ಕ ಮಾಡಿದ್ರು," ಎಂದು ನನ್ನನ್ನೇ ನೋಡುತ್ತ ಹೇಳಿ, ಪಟ್ಟಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದರು. ಚಾಚಾ ಮುಖ ಆಚೆ ತಿರುಗಿಸಿಕೊಂಡರು. ಅವರ ಭುಜ ಕುಣಿಯುತ್ತಿತ್ತು. ಬಹಳ ದಿನಗಳ ಮೇಲೆ ಅವರು ನಕ್ಕಿದ್ದರು.

ಶಾಂತಕ್ಕ ಊರೆಲ್ಲ ಹೇಳಿಕೊಂಡು ಬಂದಿರಬೇಕು. ಮೊನ್ನೆ ಅವರ ಮೈದುನ ಒಂದು ಸಾಮಾನು ಹಿಡಿದು ಬಂದ. ಚಾಚಾ ಇರಲಿಲ್ಲ. "ಕೊಡ್ರಿ, ನಾನ ಮಾಡ್ತೇನಿ," ಎಂದು ಕೈಚಾಚಿದೆ. ಆತ ಸಾಮಾನನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

"ಬ್ಯಾಡ್ರಿ. ಕಂಪ್ಯೂಟರ್ ಊಟಕ್ಕ ಹೋಗೇತೇನ್ರಿ?"

"ಹೌದ್ರಿ, ಮೂರಕ್ಕ ಬರ್ತೈತಿ," ಎಂದು ಹೇಳಿ ಆತನಿಗೆ ಕುರ್ಚಿ ಒರೆಸಿಕೊಟ್ಟೆ.