ಹುಳಕ್ಕೆ ಔಷಧಿ

ಕೆಲವು ಮಾತುಗಳು ನನ್ನ ಬಾಯಿಂದ ನೆಟ್ಟಗೆ ಹೊರಡುವುದಿಲ್ಲ. ಇದು ಹುಟ್ಟುಗುಣವೋ ಕಲಿತದ್ದೋ ಹೇಳಲಾರೆ. ಹತ್ತು ವರ್ಷ ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿ ಬಚ್ಚಲಿಗೆ ಹೋಗಬೇಕೆಂದರೆ ಕಿರುಬೆರಳು ಎತ್ತಬೇಕಿತ್ತೇ ಹೊರತು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೊಟ್ಟೆನೋವಾದರೆ ‘ಮೈ ಸರಿಯಿಲ್ಲ ಸಿಸ್ಟರ್’ ಎನ್ನಬೇಕಿತ್ತು, ಹೊಟ್ಟೆಯ ಹೆಸರೆತ್ತುವಂತಿರಲಿಲ್ಲ. ಮದುವೆಯಾಗಿ ಚಾಮರಾಜಪುರಂನ ಈ ಮನೆಗೆ ಬಂದರೆ ನಮ್ಮತ್ತೆಯವರದು ಇನ್ನೊಂದು ಕಾನ್ವೆಂಟು. ಅಕ್ಕಿ ಮುಗಿಯಿತು ಎನ್ನಬಾರದು, ‘ತುಂಬಿದೆ’ ಎನ್ನಬೇಕು. ದೀಪ ಆರಿತು ಎನ್ನಬಾರದು, ‘ಶಾಂತವಾಯಿತು’ ಎನ್ನಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಾವು ಎಂಬ ಮಾತನ್ನು ಆಡಲೇಬಾರದು, ‘ಹುಳ’ ಎನ್ನಬೇಕು. ಹೆಸರು ಹಿಡಿದರೆ ಕರೆದಂತಾಗಿ ಮನೆಗೇ ಬಂದುಬಿಡುತ್ತದಂತೆ. ಮೂವತ್ತು ವರ್ಷ ನಾನು ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ. ಆದರೂ ಹಾವು ಬಂತು. ಅದೂ ಕರೆಯದೆ, ಆಟೋದಲ್ಲಿ, ಗಾಜಿನ ಪೆಟ್ಟಿಗೆಯ ಸಮೇತ.

ತಂದವರು ನಮ್ಮ ಯಜಮಾನರ ಅಣ್ಣ, ಶ್ರೀಕಂಠ ಭಾವನವರು. ಮದುವೆಯಾಗದವರು, ಸರ್ಕಾರಿ ಕಚೇರಿಯ ದಾಖಲೆ ವಿಭಾಗದಲ್ಲಿ ದುಡಿದು ನಿವೃತ್ತರಾದವರು, ನಮ್ಮ ಮಹಡಿಯ ಕೋಣೆಯಲ್ಲಿರುವವರು. ಊರು ಬಿಟ್ಟು ಹೋಗುತ್ತಿದ್ದ ಸ್ನೇಹಿತರೊಬ್ಬರು ಸಾಕಿದ ಹಾವನ್ನು ಇವರ ಕೈಗೆ ಒಪ್ಪಿಸಿದ್ದರು. ಅದು ಆಫ್ರಿಕಾ ಕಡೆಯ ಹೆಬ್ಬಾವಿನ ಜಾತಿ, ವಿಷವಿಲ್ಲ, ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆಯನ್ನು ಒಳಗೆ ಬಚ್ಚಿಟ್ಟುಕೊಳ್ಳುತ್ತದೆ. ‘ಕಾಗದಪತ್ರ ಎಲ್ಲ ಕ್ರಮವಾಗಿದೆ ಕಣಮ್ಮ’ ಎಂದರು ಭಾವ, ಹಾವಿಗಿಂತ ಕಾಗದಪತ್ರಕ್ಕೇ ನಾನು ಹೆದರುತ್ತೇನೆ ಎಂಬಂತೆ. ಸುಬ್ಬಣ್ಣ ಎಂದು ಹೆಸರಿಟ್ಟರು. ಮೂರು ವರ್ಷದಿಂದ ಭಾವನವರ ಸಂಜೆಗಳೆಲ್ಲ ಅವನ ಜೊತೆಗೇ. ರೇಡಿಯೋ ಸಣ್ಣಗೆ ಹಾಕಿಕೊಂಡು, ಅವನನ್ನು ತೊಡೆಯ ಮೇಲೆ ಬಿಟ್ಟುಕೊಂಡು, ಕಚೇರಿಯ ಹಳೆಯ ಕಥೆಗಳನ್ನು ಹೇಳುತ್ತಿರುತ್ತಾರೆ. ಆ ಕಥೆಗಳನ್ನು ನಾವೆಲ್ಲ ಕೇಳಿ ದಣಿದಾಗಿದೆ. ಸುಬ್ಬಣ್ಣನಿಗೆ ಕಿವಿಯಿಲ್ಲ. ಹಾಗಾಗಿ ಇಬ್ಬರಿಗೂ ಹೊಂದಿತು.

ನನಗೆ ಹಾವೆಂದರೆ ಏನು ಎಂಬುದೇ ಎಂದೂ ಖಚಿತವಾಗಿರಲಿಲ್ಲ. ಚಿಕ್ಕವಳಿದ್ದಾಗ ಬೆಳಿಗ್ಗೆ ಅಮ್ಮನ ಜೊತೆ ಅರಳಿಕಟ್ಟೆಯ ನಾಗರಕಲ್ಲಿಗೆ ಹಾಲೆರೆದು ಸ್ಕೂಲಿಗೆ ಹೋದರೆ, ಗೇಟಿನ ಬಳಿಯೇ ಮಾತೆ ಮೇರಿಯ ಪ್ರತಿಮೆ. ಆಕೆಯ ಪಾದದ ಕೆಳಗೆ ಒಂದು ಹಾವು. ಅಲ್ಲೂ ಕೈ ಮುಗಿಯುತ್ತಿದ್ದೆ. ಎಂಟು ಗಂಟೆಗೆ ಹಾವಿಗೆ, ಒಂಬತ್ತಕ್ಕೆ ಹಾವನ್ನು ತುಳಿದ ಪಾದಕ್ಕೆ. ಆ ಪ್ಲಾಸ್ಟರಿನ ಹಾವಿನ ಹೆಡೆಯ ಬಣ್ಣ ಒಂದು ಕಡೆ ಚಕ್ಕೆ ಎದ್ದಿತ್ತು. ಪಾಪ, ಅದಕ್ಕೊಂದಿಷ್ಟು ಬಣ್ಣ ಹಚ್ಚಬಾರದೇ ಅನ್ನಿಸುತ್ತಿತ್ತು. ಈಗ ನೆನೆಸಿಕೊಂಡರೆ ಹಾವಿನ ಚರ್ಮದ ಯೋಚನೆ ನನಗೆ ಅಂದೇ ಗಂಟುಬಿದ್ದಿತ್ತು.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಭಾವನವರಿಗೆ ಮಂಡಿಯ ಆಪರೇಷನ್ ಆಯಿತು. ಮಹಡಿ ಮೆಟ್ಟಿಲು ಹತ್ತುವಂತಿರಲಿಲ್ಲವಾಗಿ ಎರಡು ತಿಂಗಳು ತುಮಕೂರಿನ ತಂಗಿಯ ಮನೆಗೆ ಹೋದರು. ಹೋಗುವಾಗ ನನ್ನ ಕೈಗೊಂದು ನೋಟುಬುಕ್ಕು ಕೊಟ್ಟರು. ಪುಟದ ತುಂಬ ಕಚೇರಿಯ ಭಾಷೆ. ‘೩. ಮೇಲ್ಕಂಡ ಸುಬ್ಬಣ್ಣನಿಗೆ ಎರಡು ವಾರಕ್ಕೊಮ್ಮೆ ಆಹಾರ ನೀಡತಕ್ಕದ್ದು (ತಮ್ಮನ ಮೂಲಕ). ೪. ಪೊರೆ ಬಿಡುವ ಕಾಲದಲ್ಲಿ ಮಿತವಾಗಿ ನೀರು ಚಿಮುಕಿಸತಕ್ಕದ್ದು.’ ಕಾರು ಹತ್ತುವಾಗ ಊರುಗೋಲು ಹಿಡಿದು ತಿರುಗಿ ನೋಡಿದರು. ನನ್ನನ್ನೋ ಮನೆಯನ್ನೋ ಅಲ್ಲ, ಮಹಡಿಯ ಕಿಟಕಿಯನ್ನು. ‘ಅವನನ್ನ ಬಿಟ್ಟರೆ ನನಗೆ ಇನ್ಯಾರಮ್ಮ’ ಎಂದರು. ತಮ್ಮನೂ ನಾನೂ ಪಕ್ಕದಲ್ಲೇ ನಿಂತಿದ್ದೆವು. ಬೇಜಾರು ಮಾಡಿಕೊಳ್ಳಬೇಕಿತ್ತು. ಆಗಲಿಲ್ಲ.

ತಪ್ಪಾದದ್ದು ಆ ‘ಮಿತವಾಗಿ’ ಎಂಬಲ್ಲಿ. ಮೈಸೂರಿಗೂ ಈ ಸಲ ಬಿಸಿಲು ಬೇಗ ಬಂತು. ಸುಬ್ಬಣ್ಣನ ಕಣ್ಣು ಹಾಲುಬಣ್ಣಕ್ಕೆ ತಿರುಗಿತು, ಅಂದರೆ ಪೊರೆ ಬಿಡುವ ಕಾಲ. ಪಾಪ, ಬಾಯಿಲ್ಲದ ಜೀವ ಎಂದು ಬೆಳಿಗ್ಗೆ ತುಳಸಿಗೆ ನೀರು ಹಾಕಿದ ಕೈಯಲ್ಲೇ ಅವನಿಗೂ ಚಿಮುಕಿಸಿದೆ. ಸಂಜೆ ಮಲ್ಲಿಗೆ ಗಿಡದ ಜೊತೆ ಮತ್ತೊಮ್ಮೆ. ಮಧ್ಯಾಹ್ನ ಸೆಕೆ ಎನಿಸಿದರೆ ಒಂದಿಷ್ಟು, ಲೆಕ್ಕಕ್ಕಿಲ್ಲದ್ದು. ಅವನಡಿಯ ತೆಂಗಿನ ನಾರಿನ ಪುಡಿ ಮಳೆಗಾಲದ ಮಣ್ಣಿನ ಹಾಗೆ ಘಮಘಮ ಎನ್ನುತ್ತಿತ್ತು. ನನಗದು ಆರೋಗ್ಯದ ವಾಸನೆ ಎನಿಸಿತ್ತು.

ಪೊರೆ ಒಂದೇ ಕೊಳವೆಯಾಗಿ ಕಳಚಿಕೊಳ್ಳಬೇಕಂತೆ. ಅವನದು ಹಳೆ ಗೋಡೆಯ ಸುಣ್ಣದ ಹಾಗೆ ಚಕ್ಕೆಚಕ್ಕೆಯಾಗಿ ಎದ್ದಿತು. ಒಂದು ದಿನ ಅವನು ಗಾಜಿಗೆ ಒರಗಿದಾಗ ಹೊಟ್ಟೆಯ ಕಡೆ ಕಂಡಿತು. ಬಿಳಿ ಹೊಟ್ಟೆಯ ಮೇಲೆ ಇಟ್ಟಿಗೆ ಬಣ್ಣದ ಕಲೆಗಳು, ನಡುವೆ ಎರಡು ನೀರುಗುಳ್ಳೆ. ಆ ವಾರದ ಊಟವನ್ನೂ ಮುಟ್ಟಲಿಲ್ಲ. ಮರುದಿನ ಎಂಟು ಗಂಟೆಗೆ ಎಂದಿನಂತೆ ಭಾವನವರ ಫೋನು. ‘ಏನಮ್ಮಾ ವತ್ಸಲಾ, ಹೇಗಿದ್ದಾನೆ ನಮ್ಮ ಹುಡುಗ?’

‘ಚೆನ್ನಾಗಿದ್ದಾನೆ ಭಾವ’ ಎಂದೆ.

ಮಾರಲ್ ಸೈನ್ಸ್ ಪರೀಕ್ಷೆಯಲ್ಲಿ ಸತತವಾಗಿ ಮೊದಲ ಸ್ಥಾನ ಪಡೆದವಳು ನಾನು.

ಎದುರುಮನೆಯ ಲಲಿತಮ್ಮನನ್ನು ಕರೆದು ತೋರಿಸಿದೆ. ಆಕೆ ಬಾಗಿಲ ಆಚೆಯೇ ನಿಂತು ಕತ್ತು ಚಾಚಿ ನೋಡಿ, ‘ಅಯ್ಯೋ ವತ್ಸಲಾ, ನಮಗೆ ಚರ್ಮದ ಕಾಯಿಲೆ ಬಂದ್ರೆ ನಾಗಪ್ಪನಿಗೆ ಹರಕೆ ಕಟ್ಕೋತೀವಿ. ನಾಗಪ್ಪನಿಗೇ ಬಂದ್ಬುಟ್ರೆ ಯಾರಿಗೆ ಕಣ್ರೀ ಕಟ್ಕೊಳ್ಳೋದು?’ ಎಂದರು. ‘ಒಂಚೂರು ಅರಿಶಿನ ಹಚ್ಚಿ ನೋಡಿ, ಅದಕ್ಕಿಂತ ದೊಡ್ಡ ಔಷಧಿ ಉಂಟಾ?’ ಎಂದೂ ಹೇಳಿದರು. ಬಾಲದ ತುದಿಗೆ, ಹತ್ತಿಯಲ್ಲಿ, ಕಣ್ಣು ಅರ್ಧ ಮುಚ್ಚಿಕೊಂಡು ಹಚ್ಚಿದೆ. ಗುಣವೇನೂ ಕಾಣಲಿಲ್ಲ. ಸುಬ್ಬಣ್ಣ ಮಾತ್ರ ಮದುವೆಯ ಹಿಂದಿನ ದಿನದ ಮದುಮಗನ ಹಾಗೆ ಕಂಡ.

ಅಂದು ಸಂಜೆ ಪ್ರಾಣಿಗಳ ಕ್ಲಿನಿಕ್ಕೊಂದಕ್ಕೆ ಫೋನು ಮಾಡಿದೆ. ದೀಪ ಹಚ್ಚಿ ಆಗಷ್ಟೇ ಎದ್ದಿದ್ದೆ, ಗೋಡೆಯ ಮೇಲೆ ಅತ್ತೆಯವರ ಫೋಟೋ ನನ್ನನ್ನೇ ನೋಡುತ್ತಿತ್ತು. ನಾಲಿಗೆ ತಾನಾಗಿ ಹೊರಳಿತು.

‘ನಮಸ್ಕಾರಮ್ಮ, ಹುಳಕ್ಕೆ ಔಷಧಿ ಬೇಕಿತ್ತು.’

‘ಕೊಡ್ತೀವಿ ಮೇಡಂ. ತೂಕ ಎಷ್ಟು?’ ಎಂದಳು ಅತ್ತ ಕಡೆಯ ಹುಡುಗಿ.

‘ಒಂದೂವರೆ ಕೆಜಿ.’

‘ಓ, ಮರೀನಾ?’

‘ಇಲ್ಲಮ್ಮ, ಎಂಟು ವರ್ಷ.’

‘ಎಂಟು ವರ್ಷಕ್ಕೆ ಒಂದೂವರೆ ಕೆಜಿನಾ! ಊಟ ಸರಿಯಾಗಿ ಹಾಕ್ತಿದೀರಾ ಮೇಡಂ?’

‘ಹಾಕ್ತೀವಲ್ಲ, ಎರಡು ವಾರಕ್ಕೊಂದು ಸಲ.’

ಅವಳ ದನಿ ಏರಿತು. ‘ಮೇಡಂ, ನಿಮ್ಮನ್ನ ನೋಡಿದ್ರೆ, ಅಂದ್ರೆ ಮಾತು ಕೇಳಿದ್ರೆ, ಓದಿದೋರ ಥರ ಇದೀರ. ಮೂಕಪ್ರಾಣಿ ಅಲ್ವಾ? ಯಾಕೆ ಸಾಕ್ತೀರ ಇಷ್ಟ ಇಲ್ದೇ ಇದ್ರೆ? ಹೊರಗಾದ್ರೂ ಬಿಡ್ತೀರಾ?’

‘ಅಯ್ಯೋ ಹೊರಗೆ ಬಿಟ್ಟರೆ ಅಕ್ಕಪಕ್ಕದವರು ಹೊಡೆದೇ ಹಾಕ್ತಾರಮ್ಮ’ ಎಂದೆ. ಅವಳು ಫೋನು ಇಟ್ಟಳು. ಅವಳಿಗೆ ಕೇಳಿಸಿದ್ದು ಹೊಟ್ಟೆಯಲ್ಲಿ ಹುಳವಾದ ನಾಯಿ ಎಂದು ನನಗೆ ಹೊಳೆದದ್ದು ಚಪಾತಿ ಲಟ್ಟಿಸುವಾಗ. ನಮ್ಮ ಯಜಮಾನರಿಗೆ ಹೇಳಿದರೆ ಅವರು ತಟ್ಟೆಯ ಮೇಲೆ ಬಾಗಿ ನಕ್ಕು, ‘ಬೆಳಿಗ್ಗೆ ಮಾಡು. ಹಾವು ಅಂತ ಬಾಯ್ತುಂಬ ಹೇಳು. ಅಮ್ಮನ ಫೋಟೋ ಆ ಕಡೆ ತಿರುಗಿಸ್ತೀನಿ ಬೇಕಾದ್ರೆ’ ಎಂದರು.

ಬೆಳಿಗ್ಗೆ ಬಾಯ್ತುಂಬ ಹೇಳಿದೆ. ಒಬ್ಬರು ನಾಯಿ ಬೆಕ್ಕು ಮಾತ್ರ ಎಂದರು. ಇನ್ನೊಬ್ಬರು ಹಸು ಎಮ್ಮೆ ಎಂದರು. ಮೂರನೆಯವರು ಗಾಬರಿಯಾಗಿ, ‘ಬಾಗಿಲು ಹಾಕ್ಕೊಂಡು ಹೊರಗೆ ನಿಂತ್ಕೊಳ್ಳಿ, ಹಿಡಿಯೋರ ನಂಬರ್ ಕೊಡ್ತೀನಿ’ ಎಂದರು. ‘ಹಿಡಿಯೋದಕ್ಕಲ್ಲ ಡಾಕ್ಟ್ರೇ, ವಾಸಿ ಮಾಡೋದಕ್ಕೆ. ಅದು ನಮ್ಮ ಮನೇದೇ’ ಎಂದಾಗ ಸ್ವಲ್ಪ ಹೊತ್ತು ಯೋಚಿಸಿ, ಮಂಡಿ ಮೊಹಲ್ಲಾದಲ್ಲಿ ಗಿಳಿ, ಆಮೆ, ಮೊಲ ನೋಡುವ ಲೇಡಿ ಡಾಕ್ಟರೊಬ್ಬರಿದ್ದಾರೆ, ಹಾವನ್ನೂ ನೋಡಬಹುದು ಎಂದರು. ಆಕೆಗೆ ಫೋನು ಮಾಡಿದರೆ ಹೆಚ್ಚು ಮಾತಿಲ್ಲ. ‘ದಿಂಬಿನ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ ತನ್ನಿ. ಇವತ್ತೇ ತನ್ನಿ.’ ಆ ‘ಇವತ್ತೇ’ ನನ್ನ ಎದೆಗೆ ತಾಗಿತು.

ನಮ್ಮ ಯಜಮಾನರು ಆಫೀಸಿಗೆ ಹೊರಡುವ ಮುನ್ನ ಸುಬ್ಬಣ್ಣನನ್ನು ಚೀಲಕ್ಕಿಳಿಸಿ, ಬುಟ್ಟಿಯಲ್ಲಿಟ್ಟು, ಮುಚ್ಚಳ ಬಿಗಿದು ಕೊಟ್ಟರು. ಅವಸರದಲ್ಲಿ ಬೀರುವಿನಿಂದ ಎಳೆದ ಚೀಲ ನಾನು ಎಂಟನೇ ಕ್ಲಾಸಿನ ಹೊಲಿಗೆ ಪರೀಕ್ಷೆಗೆ ಕಸೂತಿ ಹಾಕಿದ್ದು, ನೀಲಿ ಹೂಗಳ ನಡುವೆ ‘ಸ್ವೀಟ್ ಡ್ರೀಮ್ಸ್’ ಎಂದು. ಸಿಸ್ಟರ್ ಮೆಚ್ಚಿ, ಮದುವೆಗೆಂದು ಎತ್ತಿಡು ಎಂದಿದ್ದರು.

ಆಟೋದವರು ಐವತ್ತು ದಾಟಿದ, ಕಿವಿಯ ಮೇಲೆ ಬಿಳಿಕೂದಲಿನ ಗೌಡರು. ಬುಟ್ಟಿಯನ್ನು ನಾನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡದ್ದನ್ನು ಕನ್ನಡಿಯಲ್ಲಿ ಕಂಡು, ‘ಏನವ್ವ ಅದು, ಅಷ್ಟು ಜ್ವಾಪಾನ?’ ಎಂದರು. ಹಾವು ಎಂದರೆ ನಡುರಸ್ತೆಯಲ್ಲಿ ಇಳಿಸಿಬಿಡುತ್ತಾರೆ ಎಂದು ಹೆದರಿದೆ. ‘ಹುಳ’ ಎಂದೆ.

‘ಓಹೋ!’ ಅವರ ಮುಖ ಅರಳಿತು. ‘ಹುಳ ಸಾಕಿದೀರಾ? ನಮ್ಮೂರಲ್ಲಿ ಮನೆಮನೇಲೂ ಅದೇ ಕಣವ್ವ. ನಮ್ಮಪ್ಪನ ಕಾಲದಿಂದ ಸಾಕಿದೀವಿ. ಪ್ಯಾಟೇಲೂ ಸಾಕ್ತಾರೆ ಅಂತ ಗೊತ್ತಿರ್ನಿಲ್ಲ. ಎಲ್ಲಿಗೆ ತಗೊಂಡೋಯ್ತಿದೀರ?’

‘ಡಾಕ್ಟರ ಹತ್ರ. ಹುಷಾರಿಲ್ಲ.’

‘ಪೊರೆ ಬಿಡ್ತಾ?’

‘ಬಿಡ್ತು. ಚೂರುಚೂರಾಗಿ ಬಿಡ್ತು’ ಎಂದೆ ಆಶ್ಚರ್ಯದಿಂದ. ಇಷ್ಟು ದಿನ ಯಾರೂ ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ.

‘ಮೇವು ತಿಂತಾ?’

‘ಇಲ್ಲ, ಮುಟ್ಟಲೇ ಇಲ್ಲ.’

ಅಗ್ರಹಾರದ ಸರ್ಕಲ್ಲಿನಲ್ಲಿ ಆಟೋ ನಿಂತಾಗ ಗೌಡರು ಹಿಂದಕ್ಕೇ ತಿರುಗಿದರು. ‘ಒದ್ದೆ ಮಾಡ್ಬುಟ್ರಾ?’

ನಾನು ಬುಟ್ಟಿಯ ಹಿಡಿ ನೋಡಿದೆ. ‘ಸ್ವಲ್ಪ.’

‘ಅಲ್ಲೇ ಕೆಟ್ಟಿದ್ದು ನೋಡಿ. ಸೆಕೆ ಅಂತ ಪಿರೂತಿ ಮಾಡಿ ನೀರು ಹಾಕ್ಬುಡ್ತಾರೆ. ಹುಳಕ್ಕೆ ಒದ್ದೆ ಆಗ್ಬಾರ್ದು ಕಣವ್ವ. ಅಡಿ ಒಣಗಿರ್ಬೇಕು, ಗಾಳಿ ಆಡ್ತಿರ್ಬೇಕು. ನಮ್ಮವ್ವ ಸೊಪ್ಪನ್ನೂ ಸೆರಗಲ್ಲಿ ಒರಸಿ ಹಾಕ್ತಿತ್ತು.’ ಸೊಪ್ಪು ಎಂದಾಗಲೇ ನನಗೆ ತಿಳಿದದ್ದು, ಅವರು ಕೇಳುತ್ತಿದ್ದದ್ದು ರೇಷ್ಮೆ ಹುಳದ ಯೋಗಕ್ಷೇಮ ಎಂದು. ಸರಿಪಡಿಸಲು ಬಾಯಿ ತೆರೆದೆ. ಹಿಂದಿನ ಬಸ್ಸು ಹಾರನ್ನು ಹೊಡೆಯಿತು, ಆಟೋ ಹೊರಟಿತು, ಬಾಯಿ ಮುಚ್ಚಿಕೊಂಡೆ.

ಡಾಕ್ಟರು ಚಿಕ್ಕ ವಯಸ್ಸಿನವರು. ಸುಬ್ಬಣ್ಣನನ್ನು ‘ಸ್ವೀಟ್ ಡ್ರೀಮ್ಸ್’ನಿಂದ ಹೊರತೆಗೆದು, ದೀಪದ ಕೆಳಗೆ ಹಿಡಿದು, ಬಾಲದ ಹತ್ತಿರ ನಿಂತರು. ‘ಈ ಹಳದಿ ಹುಟ್ಟಿನಿಂದಲೇ ಇದೆಯಾ?’ ‘ಇಲ್ಲ, ಮೊನ್ನೆಯಿಂದ’ ಎಂದೆ. ಅವರು ಮೂಸಿ ನೋಡಿ ಏನೂ ಅನ್ನಲಿಲ್ಲ, ಅದು ಅವರ ದೊಡ್ಡತನ. ಆಮೇಲೆ ಹೊಟ್ಟೆಯ ಕಡೆ ತಿರುಗಿಸಿ ಕೇಳಿದರು. ‘ಒದ್ದೆಯಲ್ಲಿ ಮಲಗಿಸಿದ್ರಾ?’ ಅದೇ ಪ್ರಶ್ನೆ. ಗೌಡರು ಬುಟ್ಟಿಯ ಮುಚ್ಚಳವನ್ನೂ ತೆರೆಯದೆ ಹೇಳಿದ್ದನ್ನೇ ಇವರು ದೀಪ ಹಾಕಿ ಹೇಳಿದರು. ಇನ್ನೊಂದು ವಾರ ಬಿಟ್ಟಿದ್ದರೆ ಸೋಂಕು ರಕ್ತಕ್ಕೆ ಇಳಿಯುತ್ತಿತ್ತು, ಈಗಲೂ ಹತ್ತು ದಿನ ಕಾದು ನೋಡಬೇಕು ಎಂದರು. ಅಡಿಗೆ ಬರೀ ನ್ಯೂಸ್‌ಪೇಪರು, ದಿನಾ ಬದಲಿಸಬೇಕು. ಅವರು ಕೊಟ್ಟ ಔಷಧಿ ಬೆರೆಸಿದ ಉಗುರುಬೆಚ್ಚನೆ ನೀರಿನಲ್ಲಿ ಸ್ವಲ್ಪ ಹೊತ್ತು ಇಳಿಸಿ, ಒರೆಸಿ, ಪೂರ್ತಿ ಒಣಗಿಸಿ ಮುಲಾಮು ಹಚ್ಚಬೇಕು. ‘ಯಾರು ಮಾಡ್ತೀರಿ?’ ಎಂದರು. ಸುತ್ತ ನೋಡಿದೆ. ನನ್ನ ಹೊರತು ಪಂಜರದಲ್ಲೊಂದು ಗಿಳಿ ಇತ್ತು.

ಅಂದು ಮನೆಗೆ ಬಂದವಳೇ ನಾನಾಗಿ ತುಮಕೂರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ‘ದಿನಕ್ಕೆಷ್ಟು ಸಲ ಚಿಮುಕಿಸಿದೆಯಮ್ಮ?’ ಎಂದರು ಭಾವ.

‘ಎರಡು ಸಲ. ಮೂರು.’

‘ತುಳಸಿಗೂ ಅಷ್ಟೇ ಹಾಕ್ತೀಯಾ?’

‘ಹೂಂ.’

‘ಅದು ಬದುಕಿದೆಯಾ?’

‘ಇದು ಮೂರನೇ ಗಿಡ ಭಾವ’ ಎಂದೆ, ಅಳುತ್ತಾ.

ಅವರು ನಕ್ಕರು. ನಗು ಅರ್ಧಕ್ಕೆ ನಿಂತಿತು. ‘ತಪ್ಪು ನಂದೇ. ಮಿತ ಅಂತ ಬರೀಬಾರ್ದಿತ್ತು, ಅಳತೆ ಬರೀಬೇಕಿತ್ತು. ಅವನನ್ನ ಉಳಿಸಮ್ಮ ವತ್ಸಲಾ’ ಎಂದರು.

ಹತ್ತು ದಿನ. ಮೊದಲನೇ ದಿನ ಅಡುಗೆಮನೆಯ ಕೈಗವಸು ಹಾಕಿಕೊಂಡೆ. ಮೂರನೇ ದಿನ ಒಂದು ಕೈಯದು ತೆಗೆದೆ. ಐದನೇ ದಿನ ಎರಡೂ ಬರಿಗೈ. ಲೋಳೆಯಾಗಿರುತ್ತದೆ ಎಂದುಕೊಂಡಿದ್ದೆ. ಮಡಿಸಿಟ್ಟ ರೇಷ್ಮೆ ಸೀರೆಯ ಒಳಮಡಿಕೆಗೆ ಕೈ ಹಾಕಿದ ಹಾಗಿತ್ತು. ಒರೆಸುವಾಗ ಅವನು ಮೆಲ್ಲಗೆ ನನ್ನ ಮುಂಗೈಗೆ ಸುತ್ತಿಕೊಳ್ಳುತ್ತಿದ್ದ, ಬಳೆಗಳ ಸಾಲಿಗೆ ಇನ್ನೊಂದು ಬಳೆಯಾಗಿ. ಸುಮ್ಮನೆ ಕೂರಲಾಗದೆ ನಾನೂ ಮಾತಾಡುತ್ತಿದ್ದೆ. ಕಾನ್ವೆಂಟಿನ ಕಥೆಗಳನ್ನೆಲ್ಲ ಹೇಳಿದೆ. ವಧೂವರರ ಜಾಹೀರಾತಿನ ಪುಟದ ಮೇಲೆ ಮಲಗಿ ಅವನು ಕೇಳಿದ. ಹನ್ನೊಂದನೇ ದಿನ ಊಟ ಮಾಡಿದ. ಮುಂದಿನ ಪೊರೆ ಬಂದಾಗ ಮೂತಿಯಿಂದ ಬಾಲದವರೆಗೆ ಒಂದೇ ಕೊಳವೆ. ಅದನ್ನು ಎತ್ತಿಟ್ಟು, ಮಂಡಿ ಸರಿಯಾಗಿ ಮರಳಿದ ಭಾವನವರ ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದರು. ಆಮೇಲೆ ನೋಟುಬುಕ್ಕು ತರಿಸಿ, ನಾಲ್ಕನೇ ನಿಯಮದ ಕೆಳಗೆ ಬರೆದರು. ‘ವಿ.ಸೂ.: ಮಿತ ಎಂದರೆ, ವತ್ಸಲಾ ತಿಳಿದದ್ದರ ಹತ್ತನೇ ಒಂದು ಭಾಗ.’

ಇಷ್ಟೆಲ್ಲ ಆದ ಮೇಲೆ, ಇನ್ನು ಯಾವ ಮಾತನ್ನೂ ಸುತ್ತಿ ಆಡುವುದಿಲ್ಲ ಎಂದು ಅತ್ತೆಯವರ ಫೋಟೋ ಮುಂದೆಯೇ ತೀರ್ಮಾನಿಸಿದೆ. ಕಳೆದ ಭಾನುವಾರ ಗೇಟಿನ ಬಳಿ ಆಟೋ ನಿಂತಿತು. ಅಂದು ವಾಪಸು ಮನೆಗೂ ಬಿಟ್ಟುಹೋಗಿದ್ದ ಅದೇ ಗೌಡರು, ಹೆಗಲ ಮೇಲೆ ಗೋಣಿಚೀಲ. ‘ಅವ್ವಾ, ಹುಳ ಎಂಗವೆ?’

‘ಚೆನ್ನಾಗಿದೆ ಗೌಡ್ರೇ. ನೀವು ಹೇಳಿದ್ದೇ ಸರಿಯಾಗಿತ್ತು. ಆದರೆ ಅದು...’

‘ನಾನೇಳ್ನಿಲ್ವಾ! ಊರಿಗೋಗಿದ್ದೆ. ಪ್ಯಾಟೇಲಿ ನಿಮಗೆ ಸೊಪ್ಪು ಎಲ್ಲಿ ಸಿಕ್ಕದು ಅಂತ ನಮ್ಮ ತೋಟದ್ದೇ ತಂದೆ. ಒಂದೊಂದು ಎಲೇನೂ ಒರಸಿದೀನಿ ಕಣವ್ವ, ಒಂದು ಹನಿ ಒದ್ದೆ ಇಲ್ಲ.’

ಚೀಲದೊಳಗೆ ಕೈ ಹಾಕಿದೆ. ಹಿಪ್ಪುನೇರಳೆ ಸೊಪ್ಪು, ತಾಜಾ, ಹನಿ ನೀರಿಲ್ಲದಂತೆ ಒರೆಸಿದ್ದು. ಗೌಡರು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಮಹಡಿಯ ಕಿಟಕಿಯಿಂದ ಭಾವ, ‘ಯಾರಮ್ಮಾ ಬಂದಿರೋದು? ಏನದು?’ ಎಂದು ಕೂಗಿದರು.

‘ಹುಳಕ್ಕೆ ಸೊಪ್ಪು ಬಂದಿದೆ ಭಾವ’ ಎಂದೆ.