ರೇವಪ್ಪನ ಕಾರಿಗೆ ಉಡಿ ತುಂಬಿದ್ದು

ರೇಡಿಯೋ ರಿಪೇರಿ ರೇವಪ್ಪನಿಗೆ ಕಾರಿನ ಹುಚ್ಚು ಹಿಡಿಸಿದವನು ಬೇರೆ ಯಾರೂ ಅಲ್ಲ, ಅಗರಖೇಡದ ಅವನ ಮಾವ. ಬಾಣಂತನಕ್ಕೆಂದು ತವರಿಗೆ ಹೋದ ಹೆಂಡತಿ ಗುರವ್ವ, ಮಗನಿಗೆ ಹಲ್ಲು ಬಂದರೂ ಗಂಡನೂರು ಇಂಡಿಗೆ ಮರಳಿರಲಿಲ್ಲ. ಕರೆಯಲು ಹೋದಾಗೆಲ್ಲ ಮಾವನದು ಒಂದೇ ಮಾತು: "ಬಸ್ಸಿನ್ಯಾಗ ಕೂಸು ಕುಲುಕ್ತೈತಿ. ಕಾರು ತರ್ರಿ, ಕಳಸ್ತೇನಿ." ಈ ಸಲ ಇನ್ನೊಂದು ಸೇರಿಸಿದ್ದ: "ಮಣ್ಣೆತ್ತಿನ ಅಮಾಸಿ ಹಿಂದಿನ ದಿನ ಹೊತ್ತು ಮುಣಗೂದ್ರೊಳಗ ಬರ್ರಿ. ಆಮ್ಯಾಲೆ ಆಷಾಢ. ಅದು ಮುಗಿಯೂತನ ಮಗಳನ್ನ ಹೊಸ್ತಲಾ ದಾಟಸೂದಿಲ್ಲ."

ಮಾವ ಕಾರಿನ ಮಾತು ಆಡಿದ್ದು ಚೇಷ್ಟೆಗೆ. ರೇವಪ್ಪ ಅದನ್ನು ಖರೇ ಎಂದುಕೊಂಡ. ಸೊಲ್ಲಾಪುರದ ಗುಜರಿಯಿಂದ ಎಂಜಿನ್, ಯಾವುದೋ ಸತ್ತ ಜೀಪಿನ ಚಾಸಿ, ಕಮ್ಮಾರ ಬಡಿದುಕೊಟ್ಟ ತಗಡಿನ ಮೈ ಕೂಡಿ ಅಂಗಳದಲ್ಲಿ ಕಾರೊಂದು ಎದ್ದು ನಿಂತಿತು. ಅಮಾವಾಸ್ಯೆಯ ಹಿಂದಿನ ದಿನವೂ ಬಂತು. ಪೆಟ್ರೋಲ್ ಟ್ಯಾಂಕು ಮಾತ್ರ ಇರಲಿಲ್ಲ. ಸೀಟಿನ ಕೆಳಗೆ ಉಳಿದ ಸಂದಿ ಎಷ್ಟು ಸೊಟ್ಟಗಿತ್ತೆಂದರೆ ಕಬ್ಬಿಣದ ಯಾವ ಡಬ್ಬಿಯೂ ಅಲ್ಲಿ ಕೂಡಲಿಲ್ಲ.

ಬೆಳಗಾಗುತ್ತಲೇ ರೇವಪ್ಪ ಎರಡು ಪ್ಲಾಸ್ಟಿಕ್ ಕ್ಯಾನು ಕೊಯ್ದು, ಕಳೆ ತೆಗೆಯುವ ಕುರ್ಪಿ ಕಾಸಿ, ಅಂಚಿಗೆ ಅಂಚು ಕರಗಿಸಿ ಬೆಸೆಯತೊಡಗಿದ. ಓಣಿಯೆಲ್ಲ ನಾತ. ಪಕ್ಕದ ಮನೆಯ ಸಾತವ್ವ ಮೂಗಿಗೆ ಸೆರಗು ಹಿಡಿದು ಓಡಿಬಂದಳು.

"ಏನ ಸುಡಾಕತ್ತೀಯೋ ಭಾಡ್ಯಾ? ನನ್ನ ಸಾರಿಗೂ ಅದ ವಾಸನಿ ಹತ್ತೈತಿ!"

"ಕಾರಿಗೆ ಟ್ಯಾಂಕ ಮಾಡಾಕತ್ತೇನಿ, ಅತ್ತಿ. ಇವತ್ತ ಗುರವ್ವ ಬರ್ತಾಳ."

ಹೆಂಡತಿಯ ಹೆಸರು ಹೇಳಿ ಅವನು ಅಗರಖೇಡದ ದಾರಿಯ ಕಡೆ ನೋಡಿದ. ಸಾತವ್ವನ ಸಿಟ್ಟು ಅಲ್ಲೇ ಇಳಿಯಿತು. "ನಿನ್ನ ಮಾರಿ ನೋಡಿದ್ರ ಕರಳು ಚುರ್ ಅಂತೈತಿ" ಎನ್ನುತ್ತ ಕುಳಿತು ಬೆಂಕಿಗೆ ಗಾಳಿ ಹಾಕಿದಳು. ಹಾಕಿದ ಗಾಳಿಗೆ ಕುರ್ಪಿ ಕೆಂಪಗೆ ಕಾದು, ಬೆಸೆದ ಕಡೆಯೇ ಕೈ ಹೋಗುವಷ್ಟು ತೂತು ಬಿತ್ತು. ಮತ್ತೆ ಮೊದಲಿನಿಂದ ಶುರು.

ಅಂತೂ ಮುಗಿಯಿತು. ಸೈಕಲ್ ಅಂಗಡಿಯ ಇಬ್ರಾಹಿಂಸಾಬ ಟ್ಯಾಂಕನ್ನು ಸೈಕಲ್ ಟ್ಯೂಬಿನಂತೆ ನೀರಲ್ಲಿ ಮುಳುಗಿಸಿ, ಊದಿ ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ.

"ಶಾಬಾಸ್! ಹೋಗು, ತಂಗೀನ ಕರ್ಕೊಂಡು ಬಾ."

ಟ್ಯಾಂಕು ಕೂಡಿಸಿ, ಪೆಟ್ರೋಲ್ ಹಾಕಿ, ರೇವಪ್ಪ ಮೈ ತೊಳೆಯಲು ಒಳಗೆ ಹೋದ. ಅನಾಹುತ ಆದದ್ದು ಆಗಲೇ. ಅವನ ತಾಯಿ ಸಿದ್ದಲಿಂಗವ್ವನಿಗೆ ಒಂದೇ ಚಿಂತೆ: ಮನೆಯಲ್ಲಿ ಹುಟ್ಟಿದ ಕಾರು ಮಗಳಿದ್ದ ಹಾಗೆ, ಮೊದಲ ಸಲ ಹೊಸ್ತಿಲು ದಾಟುತ್ತಿದೆ, ಉಡಿ ತುಂಬದೆ ಕಳಿಸುವುದು ಹೇಗೆ? ಕಾರಿಗೆ ಮಡಿಲು ಎಲ್ಲಿದೆ ಎಂದು ಅವಳೂ ಸಾತವ್ವನೂ ಸುತ್ತೆಲ್ಲ ಹುಡುಕಿದರು.

"ಇಲ್ಲೈತಿ ನೋಡ ಯಕ್ಕಾ" ಎಂದು ಸಾತವ್ವ ಟ್ಯಾಂಕಿನ ಮುಚ್ಚಳ ತೆಗೆದಳು. ಅಕ್ಕಿ, ಅಡಿಕೆ, ಅರಿಸಿನ ಕೊಂಬು, ಉತ್ತತ್ತಿ ಎಲ್ಲ ಒಳಗೆ ಹೋದವು. ತೆಂಗಿನಕಾಯಿ ಹಿಡಿಸಲಿಲ್ಲ, ಪುಣ್ಯ.

ಕಾರು ಗುಡುಗುತ್ತ ಹೊರಟಿತು. ಗುರವ್ವ ಕಂಡೊಡನೆ ಆಡಬೇಕಾದ ಮಾತನ್ನು ರೇವಪ್ಪ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ: "ಗುರೂ, ಕಾರು ತಂದೇನಿ." ಅರ್ಧ ದಾರಿಗೆ ಎಂಜಿನ್ ಕೆಮ್ಮಿ ನಿಂತಿತು. ಕಾರಿನಡಿ ತೂರಿ ಪೈಪು ಬಿಚ್ಚಿದರೆ ಒಂದು ಅಕ್ಕಿಕಾಳು. ತೆಗೆದರೆ ಇನ್ನೊಂದು.

ಅಷ್ಟರಲ್ಲಿ ಎದುರಿನಿಂದ ಅಗರಖೇಡದ ಬಸ್ಸು ಬಂತು. ತಗಡಿನ ಕಾರು ಕಂಡು ಜನ ಕೇಕೆ ಹಾಕಿದರು. ಗುರುತಿನವರು ನೋಡಿಯಾರೆಂದು ರೇವಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಕಾರಿನ ಅಡಿಯಲ್ಲೇ ಬಿದ್ದುಕೊಂಡ. ಬಸ್ಸಿನಲ್ಲಿ ಯಾರದೋ ಕೂಸು ಅಳುತ್ತಿತ್ತು. ತನ್ನ ಮಗನ ಅಳು ಈಗ ಹೇಗಿದೆಯೋ ಎಂದು ಅವನ ಕಣ್ಣು ತುಂಬಿ ಬಂದವು.

ಪೆಟ್ರೋಲನ್ನೆಲ್ಲ ಹೊಸ ರುಮಾಲಿನಲ್ಲಿ ಸೋಸಿ, ಟ್ಯಾಂಕು ಕೊಡವಿ, ಅಗರಖೇಡ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮಾವ ಕಾರಿನ ತಗಡನ್ನು ತಟ್ಟಿ ತಟ್ಟಿ ನೋಡಿದ.

"ಅಳಿಯಂದ್ರ, ನಾ ಚ್ಯಾಷ್ಟಿ ಮಾಡಿದ್ನಿರಿ! ಗುರವ್ವ ಇವತ್ತ ನನ್ನ ಜೋಡಿ ಜಗಳಾ ತಗದು, 'ಕಾರೂ ಬ್ಯಾಡ, ನಿನ್ನ ಮಾತೂ ಬ್ಯಾಡ, ನನಗ ನನ್ನ ಗಂಡ ಬೇಕು' ಅಂತ ಕೂಸಿನ್ನ ಎತ್ಕೊಂಡು, ತನ್ನ ತಮ್ಮನ್ನ ಕರ್ಕೊಂಡು ಮಧ್ಯಾಹ್ನದ ಬಸ್ಸು ಹತ್ತಿದ್ಲು."

ರೇವಪ್ಪ ನೀರೂ ಕುಡಿಯದೆ ಕಾರು ತಿರುಗಿಸಿದ. ನನಗ ನನ್ನ ಗಂಡ ಬೇಕು! ಆ ಮಾತನ್ನು ಎಷ್ಟು ಸಲ ಅಂದುಕೊಂಡರೂ ಅವನಿಗೆ ಸಾಕಾಗಲಿಲ್ಲ. ಎದುರಿಗೆ ಅದೇ ಬಸ್ಸು ಇಂಡಿಯಿಂದ ಮರಳಿ ಬರುತ್ತಿತ್ತು. ಈ ಸಲ ಅವನು ಮುಖ ಮುಚ್ಚಲಿಲ್ಲ. ಹಾರ್ನ್ ಒತ್ತಿ, ಎದೆ ಉಬ್ಬಿಸಿ, ಸಲಾಮು ಹೊಡೆದ. ಧೂಳಿನಲ್ಲಿ ಕಿಟಕಿಯಿಂದ ಯಾರೋ ಸೆರಗು ಬೀಸಿ ಕೂಗಿದರು. ಕೂಗಲಿ ಬಿಡು, ಕಾರೆಂದರೆ ಸುಮ್ಮನೇನು ಎಂದುಕೊಂಡು ಇನ್ನಷ್ಟು ಜೋರು ಬಿಟ್ಟ.

ಇಂಡಿ ಮುಟ್ಟಿದಾಗ ಹೊತ್ತೂ ಮುಳುಗಿತ್ತು, ಪೆಟ್ರೋಲೂ ಮುಗಿದಿತ್ತು. ಬಾಗಿಲಲ್ಲಿ ತಾಯಿ ಹಣೆ ಬಡಿದುಕೊಳ್ಳುತ್ತ ನಿಂತಿದ್ದಳು.

"ಗುರವ್ವ ಎಲ್ಲದಾಳಬೇ?"

"ಬಂದಿದ್ಲೋ! ನೀ ಕಾರು ತಗೊಂಡು ಕರಿಯಾಕ ಹೋಗೀದಿ ಅಂದ್ನಿ. 'ನನ್ನ ಸಲುವಾಗಿ ಇಷ್ಟ ತ್ರಾಸ ತಗೊಂಡು ಮಾಡ್ಯಾರ, ನಾ ಬಸ್ಸಿನ್ಯಾಗ ಬಂದ್ನಿ ಅಂದ್ರ ಮನಸಿಗೆ ಹಚ್ಕೋತಾರ' ಅಂತ ಅದ ಬಸ್ಸಿಗೆ ಹೊಳ್ಳಿ ಹ್ವಾದ್ಲು."

ರೇವಪ್ಪ ಹೊಸ್ತಿಲ ಮೇಲೆ ಕುಳಿತ. ನಾಳೆ ಅಮಾವಾಸ್ಯೆ, ನಾಡಿದ್ದು ಆಷಾಢ. ತಾಯಿ ಅವನ ತಲೆ ಸವರಿ ಒಳಗೆ ನಡೆದಳು.

"ನಿನ್ನ ಮಗ ನಿನ್ನ ಹಾಸಿಗಿ ಮ್ಯಾಲೆ ಉಚ್ಚಿ ಹೊಯ್ದು ಹೋಗ್ಯಾನ. ತಡಿ, ಬ್ಯಾರೇದು ಹಾಸ್ತೇನಿ."

"ಇರಲಿ ಬಿಡ ಯವ್ವಾ," ಎಂದ ರೇವಪ್ಪ. "ತಗೀಬ್ಯಾಡ."